ಅತಿಥಿ ಪರಿಚಯಕ್ಕೆ ಮೂರು ನಿಮಿಷ

ಸಭೆಯ ಹಿರಿಯರು ಚೀಟಿ ಕೊಟ್ಟಿದ್ದಾರೆ:
ಡಾಕ್ಟರ್ ತಬಿತಾ ಸಂಗಪ್ಪನವರು, ಕ್ರೈಸ್ತ ನೀತಿಶಾಸ್ತ್ರದ ಪ್ರಾಧ್ಯಾಪಕಿ,
ಎರಡು ಪುಸ್ತಕ, ಹತ್ತೊಂಬತ್ತು ಪ್ರಬಂಧ, ಹೋದ ಮೇ ತಿಂಗಳು ನಿವೃತ್ತಿ.
ಮೂರೇ ನಿಮಿಷ ರಾಹೇಲಮ್ಮ, ಅಂದಿದ್ದಾರೆ,
ಆಮೇಲೆ ಮಲಯಾಳಿಗಳ ಆರಾಧನೆ, ಕೋಣೆ ಬಿಟ್ಟುಕೊಡಬೇಕು.

ಚೀಟಿಯ ಬಹುವಚನ ನನ್ನ ಬಾಯಿಗೆ ಹತ್ತುವುದಿಲ್ಲ. ಕ್ಷಮಿಸಿ.

ರಿಫಾದ ಆ ಮನೆಯ ಮೆಟ್ಟಿಲ ಕೆಳಗೆ
ಇಸ್ತ್ರಿ ಮೇಜು, ಅಕ್ಕಿ ಮೂಟೆ, ನಾವಿಬ್ಬರು.
ಒಬ್ಬಳು ಮಗ್ಗುಲು ಬದಲಿಸಿದರೆ ಇನ್ನೊಬ್ಬಳೂ ಬದಲಿಸಬೇಕು.
ಏಳು ಗಂಡಸರ ಬಿಳಿ ನಿಲುವಂಗಿ, ದಿನಕ್ಕೆರಡು ಸಲ,
ಗಂಜಿ ಹಾಕಿ, ಚಾಕುವಿನಂಥ ಮಡಿಕೆ.
ಪೆಟ್ಟಿಗೆ ಬಿಸಿಯಾಗುವಷ್ಟು ಹೊತ್ತು ತಬಿತಕ್ಕ ಓದುತ್ತಿದ್ದಳು.
ದಿನದಲ್ಲಿ ಅಷ್ಟು ಹೊತ್ತೇ ಅವಳದು.
ಹುಮನಾಬಾದಿನಿಂದ ತಂದ ಬೈಬಲು, ಆದಿಕಾಂಡದ ಒಂದು ಹಾಳೆಗೆ
ಇಸ್ತ್ರಿಯ ತುದಿ ತಾಗಿ ಕಂದು ಮುಕ್ಕೋನ.
ಅದರೊಳಗೆ ಹಾಗರಳು.

ಒಡತಿಯ ಕಾಟಕ್ಕೆ ಅಡವಿಗೆ ಓಡಿದ ದಾಸಿಗೆ
ದೂತ ಬಂದು ಹೇಳುತ್ತಾನಲ್ಲ, ತಿರುಗಿ ಹೋಗು, ತಗ್ಗಿ ನಡೆ ಅಂತ.
"ಹಂಗ್ಯಾಕ ಅಂದ್ನೇ ಅಂವ?"
ನಿದ್ದೆಗಣ್ಣಲ್ಲಿ ನಾನಂದೆ,
"ಅಕಿ ಪಾಸ್‌ಪೋರ್ಟು ಒಡತಿ ಕಪಾಟಿನ್ಯಾಗ ಅದ,
ಮತ್ತೆಲ್ಲಿಗಿ ಹೋಗ್ತಾಳ?"

ಮನೆಯ ಅಜ್ಜಿ ಒಳ್ಳೆಯವಳು. ಒಂದು ಸಂಜೆ ಹೇಳಿದಳು:
ಮುಹರ್ರಕ್‌ನ ಆಚೆ ಸಮುದ್ರದ ತಳದಲ್ಲಿ ಸಿಹಿನೀರು ಉಕ್ಕುತ್ತಿತ್ತು,
ಅವಳ ಅಪ್ಪ ಉಪ್ಪಿನೊಳಗೆ ಮುಳುಗಿ, ತೊಗಲ ಚೀಲದಲ್ಲಿ
ಕುಡಿಯುವ ನೀರು ತುಂಬಿ ಮೇಲೆ ಬರುತ್ತಿದ್ದನಂತೆ.
ಹಾಗರಳ ಮಾತೂ ಬಂತು. ಅಜ್ಜಿ ಕಣ್ಣು ಮುಚ್ಚಿ ಅಂದಳು,
ನಿಮ್ಮಲ್ಲಿ ಅವಳು ದಾಸಿ, ನಮಗೆ ತಾಯಿ.
ಅಂದು, ಕಂಕುಳಲ್ಲಿ ಸುಕ್ಕಿದೆ ಎಂದು
ಅಂಗಿಯನ್ನು ವಾಪಸು ಕೊಟ್ಟಳು.

ಆರು ವರ್ಷ. ಆಮೇಲೆ ಅವಳು ವಿಮಾನ ಹತ್ತಿದಳು, ನಾನು ಉಳಿದೆ.
ಮೂವತ್ನಾಲ್ಕಕ್ಕೆ ಸೆಮಿನರಿ ಸೇರಿದಳು, ಮೀಸೆ ಚಿಗುರುವ ಹುಡುಗರ ನಡುವೆ.
ಹೆಣ್ಣು, ಅದರಲ್ಲೂ ಹೊಲಗೇರಿಯವಳು,
ಮಕ್ಕಳಿಗೆ ಹಾಡು ಕಲಿಸಲಿ ಅಂದರು.
ಪ್ರಾಧ್ಯಾಪಕಿಯಾದ ಮೇಲೂ ಸಭೆಗಳಲ್ಲಿ ಚಹದ ಕೆಟಲು
ತಾನೇ ತಾನಾಗಿ ಅವಳ ಕೈಗೆ ಬರುತ್ತಿತ್ತು.
ಬಗ್ಗಿಸುತ್ತಿದ್ದಳು, ಮೊದಲು ತನ್ನ ಲೋಟಕ್ಕೆ.
ನಿಮ್ಮದು ಸ್ತ್ರೀವಾದವೇ ಎಂದು ಯಾರೋ ಕೇಳಿದರಂತೆ.
ಅಲ್ಲ, ಆ ಅಕ್ಕಗಳ ಸೀರೆ ಯಾರೋ ಮಡಿಸಿ ಕೊಡುತ್ತಾರೆ,
ನನ್ನದು ಇಸ್ತ್ರಿವಾದ.

ಅವಳ ಮಹಾಪ್ರಬಂಧದ ಮೊದಲ ಅಡಿಟಿಪ್ಪಣಿ ನಾನು.
ರಾಹೇಲಮ್ಮ, ಮೌಖಿಕ, ರಿಫಾ, ರಾತ್ರಿ.
ಇವರು ಯಾವ ವಿಶ್ವವಿದ್ಯಾಲಯದವರು ಎಂದು ಪರೀಕ್ಷಕರು ಕೇಳಿ
ಆರು ತಿಂಗಳು ತಡೆದರು. ಅವಳು ಅಳಿಸಲಿಲ್ಲ.
ದೂತ ಹಾಗೇಕೆ ಹೇಳಿದ? ಮೂವತ್ತು ವರ್ಷ ಕಲಿಸಿದ್ದಾಳೆ,
ಉತ್ತರ ಸಿಕ್ಕಿತೆಂದು ಎಲ್ಲೂ ಬರೆದಿಲ್ಲ. ನಾನು ಹುಡುಕಿದ್ದೇನೆ.

ಕೊನೆಯ ಸಾಲಿನ ಆ ಹುಡುಗಿಯನ್ನು ತಿರುಗಿ ನೋಡಬೇಡಿ,
ಎರಡು ಕಾಲಿಗೆ ಎರಡು ಜಾತಿಯ ಚಪ್ಪಲಿ.
ನಿನ್ನೆ ರಾತ್ರಿ ಹಮದ್ ಟೌನಿನಿಂದ ನಡೆದು ಬಂದಳು.
ವಾಪಸು ಹೋಗಲೇ ಎಂದು ಬೆಳಿಗ್ಗೆ ತಬಿತಕ್ಕನನ್ನು ಕೇಳಿದಳು.
ವಚನ ಹೇಳುತ್ತಾಳೆ ಅಂದುಕೊಂಡೆ.
ಉಂಡಿಯಾ? ಎಷ್ಟು ತಿಂಗಳ ಪಗಾರ ಬಾಕಿ?
ಇಂದಿನ ಉಪನ್ಯಾಸದ ಹಾಳೆಯ ಬೆನ್ನಿಗೆ
ತಿಂಗಳು, ದಿನಾರು, ಕಫೀಲನ ಹೆಸರು ಬರೆದುಕೊಂಡಳು.

ಹಿರಿಯರು ಗಡಿಯಾರ ತೋರಿಸುತ್ತಿದ್ದಾರೆ.
ಮೈಕು ಕೊಡುತ್ತೇನೆ, ಇದೊಂದು ಹೇಳಿ:
ಅವಳುಟ್ಟ ಸೀರೆ ಈ ಮುಂಜಾನೆ ಇಸ್ತ್ರಿ ಮಾಡಿದ್ದು ನಾನು.
ಬೇಡವೆಂದು ಜಗಳಾಡಿದಳು.
ಬಿಸಿಯಾಗಲು ಬಹಳ ಹೊತ್ತು ಹಿಡಿಯುವ
ಹಳೆಯ ಪೆಟ್ಟಿಗೆಯೊಂದನ್ನು ಪಕ್ಕದ ಮನೆಯಿಂದ ತಂದಿದ್ದೆ,
ಅಲ್ಲಿಯವರೆಗೆ ಓದಲಿ ಅಂತ.